ಹಾರ ಹಾಕಿಸಿಕೊಂಡ ಕಂಪ್ಯೂಟರ್

ನನ್ನ ಮೊಮ್ಮಗಳನ್ನು ಕಳ್ಳಿಯ ಹಾಗೆ ನಡುಮನೆಯಲ್ಲಿ, ಅಲ್ಲಲ್ಲ, ನಡು ಆಫೀಸಿನಲ್ಲಿ ನಿಲ್ಲಿಸಿದ್ದರು. ಊಟದ ಡಬ್ಬಿ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತೆ.

ಮಂಜುಳ ಬಂಗಾರಪೇಟೆಯ ಒಬ್ಬ ಕಂಟ್ರಾಕ್ಟರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಬೂದಿಕೋಟೆ ಕಡೆಯಿಂದ ಕಾಮಸಮುದ್ರಕ್ಕೆ ನೀರಿನ ಪೈಪು ಹಾಕುವವರು ಅವರು. ಯಾವ ದಿನ ನೆಲ ತೋಡಬೇಕು, ಪೈಪು ಯಾವಾಗ ಬರಬೇಕು, ಒಂದು ತಡವಾದರೆ ಇನ್ನೊಂದು ಎಷ್ಟು ಹಿಂದೆ ಬೀಳುತ್ತದೆ, ಎಲ್ಲ ಆ ಯಂತ್ರದೊಳಗಿನ ಪ್ಲಾನ್ ಹೇಳುತ್ತದಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ದುಡಿದದ್ದು ಕೋರಮಂಡಲ್ ಚಿನ್ನದ ಗಣಿಯಲ್ಲಿ, ನೆಲದ ಕೆಳಗೆ. ನಮ್ಮ ಹುಡುಗಿ ಫ್ಯಾನಿನ ಕೆಳಗೆ ಕೂತು ಊರಿಗೆ ನೀರು ಬರುವ ದಿನ ಗೊತ್ತುಮಾಡುತ್ತಾಳೆ ಅಂದರೆ ಸುಮ್ಮನಿರಲು ಆಗುತ್ತದೆಯೇ? ರೈಲಿನಲ್ಲಿ ಎದುರು ಕೂತವರಿಗೆಲ್ಲ ಹೇಳಿದ್ದೇನೆ. (ಕೇಳದವರಿಗೂ.)

ಅವತ್ತು ಆಯುಧಪೂಜೆಯ ರಜ ಮುಗಿದು ಆಫೀಸು ತೆರೆದಿತ್ತು. ಪ್ಲಾನ್ ತೆರೆಯಲು ಹೋದರೆ ಎರರ್. ಡೇಟಾಬೇಸ್ ಒಳಗೇ ಬಿಡುತ್ತಿಲ್ಲ. ಸಂಜೆಯೊಳಗೆ ಹೊಸ ತಾರೀಖುಗಳು ಬೆಂಗಳೂರಿನ ಹೆಡ್ ಆಫೀಸು ಸೇರಬೇಕು.

"ರಜಕ್ಕೆ ಮುಂಚೆ ಚೆನ್ನಾಗೇ ಇತ್ತು. ದಿನಾ ಮುಟ್ಟೋಳು ನೀನು," ಅಂದರು ಮ್ಯಾನೇಜರು. "ಸಾಯಂಕಾಲಕ್ಕೆ ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬರಬೇಡಮ್ಮ."

ಎಷ್ಟು ಸಲೀಸು ನೋಡಿ!

ಮಂಜುಳ ಅಳಲಿಲ್ಲ. ತನ್ನ ಪಾಸ್‌ವರ್ಡ್ ನೋಡಿದಳು, ಸರಿ ಇತ್ತು. ವೈರು ಎಳೆದು ಮತ್ತೆ ಚುಚ್ಚಿದಳು. ಪಕ್ಕದ ಮೇಜಿನವರ ಯಂತ್ರಗಳನ್ನು ಆರಿಸಿ ಹಚ್ಚಿದಳು. ಅದೇ ಎರರ್.

"ಏನ್ ಮಗಾ, ಕೆಟ್ಟೋಯ್ತಾ?" ಅಂದೆ ಮೆಲ್ಲಗೆ.

"ಕೆಟ್ಟಿಲ್ಲ ತಾತ. ಆ ಪ್ಲಾನ್ನ ಯಾರೋ ತೆಗ್ದಿಟ್ಕೊಂಡವ್ರೆ. ಒಬ್ರು ಹಿಡ್ಕೊಂಡಿದ್ರೆ ಇನ್ನೊಬ್ರಿಗೆ ಬಿಡಲ್ಲ ಅದು."

"ಯಾರು?"

ಉತ್ತರ ಕೊಟ್ಟಿದ್ದು ಕಸ ಗುಡಿಸುವ ಸೆಲ್ವಿ. "ಸಾರ್ ರೂಮಲ್ಲಿ ಒಂದೈತಲ್ಲ ತಾತಾ. ಕೆಲ್ಸ ಕೂಡಿಬರ್ಲಿ ಅಂತ ಪ್ಲಾನ್ ತೆಗ್ದಿಟ್ಟು ಆರತಿ ಎತ್ತಿಸಿದ್ರು. ಪೂಜೆ ಮಾಡಿದ್ದನ್ನ ಆರಿಸಬಾರ್ದು ಅಂತ ಟಿವಿ ತರದ್ದು ಮಾತ್ರ ಆಫ್ ಮಾಡಿ, ಬೀಗ ಹಾಕ್ಕೊಂಡು ಒಂಟೋದ್ರು."

ಅಂದರೆ ಪೂಜೆಯ ದಿನದಿಂದ ಆ ಯಂತ್ರ ಹಾರ ಹಾಕಿಕೊಂಡು ಕತ್ತಲೆಯಲ್ಲಿ ಎಚ್ಚರವಾಗೇ ಕೂತಿತ್ತು. (ನಮ್ಮ ಮನೆಯಲ್ಲಿ ದಿನಾ ಕರೆಂಟ್ ಹೋಗುತ್ತದೆ. ಆಫೀಸಿಗೆ ಜನರೇಟರ್ ಇದೆ.)

ಮಂಜುಳ ಕೀ ಕೇಳಿದಳು. ಮ್ಯಾನೇಜರು ಗಡಿಯಾರ ನೋಡಿದರು. ರಾಹುಕಾಲವಂತೆ. ಪೂಜೆಯಾದ ರೂಮನ್ನು ಆಮೇಲೇ ತೆರೆಯುವುದಂತೆ. "ನಿನ್ನ ತಪ್ಪಿಗೆ ನನ್ನ ರೂಮ್ಯಾಕೆ?"

"ಕಾಯ್ತೀನಿ ಸಾರ್. ಅಲ್ಲೀವರ್ಗೂ ತಪ್ಪು ನಂದು ಅನ್ಬೇಡಿ."

ನೆಟ್ಟಗೆ ನಿಂತು ಹೇಳಿದಳು. ಗಣಿಯಲ್ಲಿ ದೊರೆ ಮುಂದೆ ಟೋಪಿ ತೆಗೆದು ನಿಂತು ಬೆನ್ನು ಬಗ್ಗಿದವನು ನಾನು.

ರಾಹುಕಾಲ ಕಳೆಯಿತು. ಬಾಗಿಲು ತೆರೆದರು. ಬಾಡಿದ ಚೆಂಡು ಹೂವಿನ ಹಾರದ ಹಿಂದೆ ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಪರದೆ ಹಚ್ಚಿದರೆ ಕುಂಕುಮದ ಬೊಟ್ಟಿನ ಹಿಂದೆ ಅದೇ ಪ್ಲಾನ್. ಮಂಜುಳ ಅದನ್ನು ಮುಚ್ಚಿ, ತನ್ನ ಜಾಗಕ್ಕೆ ಬಂದು ತೆರೆದಳು. ತೆರೆಯಿತು.

ಆಮೇಲೆ ಮ್ಯಾನೇಜರು ಹೆಡ್ ಆಫೀಸಿಗೆ ಫೋನು ಮಾಡಿದರು. "ಸಣ್ಣ ಎರರ್ ಇತ್ತು ಸಾರ್. ನಾನೇ ಕೂತು ಸರಿ ಮಾಡಿಸ್ದೆ." ಹಾರದ ಸುದ್ದಿ ಇಲ್ಲ. ಹುಡುಗಿಯ ಹೆಸರೂ ಇಲ್ಲ.

ಇರಲಿ, ಕೆಲಸ ಉಳಿಯಿತಲ್ಲ ಅಂತ ನಾನು ಮೈಸೂರು ಪಾಕು ಕಟ್ಟಿಸಿಕೊಂಡು ರೈಲಿನಲ್ಲೆಲ್ಲ ಹಂಚಿದೆ. ಅದು ಅರಗುವ ಮೊದಲೇ ಇನ್ನೊಂದು ಸುದ್ದಿ ಬಂತು. ಕಂಪ್ಯೂಟರಿಗೆ ಮ್ಯಾನೇಜರ ಭಾಮೈದ. ಮಂಜುಳ ಫೋನು ಎತ್ತುವ ಮೇಜಿಗೆ. ಕಾರಣ? ದೊಡ್ಡವರಿಗೆ ಎದುರಾಡುತ್ತಾಳಂತೆ.

ಗಣಿಯಲ್ಲಿ ನಾವೂ ಹಾರೆ, ಸುತ್ತಿಗೆಗೆ ಕುಂಕುಮ ಇಟ್ಟವರೇ. ಆದರೆ ಹಾರೆಗೆ ಕೈ ಮುಗಿದು, ಹಾರೆ ಹಿಡಿದವನನ್ನು ಆಚೆಗೆ ತಳ್ಳುವುದು ಯಾವ ಶಾಸ್ತ್ರ?

ಭಾಮೈದನಿಗೆ ಕೆಲಸ ಮಾಡಲು ಇನ್ನೂ ಬರುವುದಿಲ್ಲ. ಎರರ್ ಬಂದಾಗಲೆಲ್ಲ ಎದ್ದು ನಿಂತು "ಮಂಜುಳಾ" ಅಂತ ಕೂಗುತ್ತಾನೆ; ಸರಿಹೋದ ಮೇಲೆ ಮತ್ತೆ ಕೂರುತ್ತಾನೆ.