ಅರಿಷಿಣದ ಅಂಗಳದಲ್ಲಿ ಬಿಳಿ ಹುಡುಕಿದವನು

೨೦೦೪ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಸವನ ಬಾಗೇವಾಡಿಯ ಫೋಟೊಗ್ರಾಫರ್ ಅನೀಲಕುಮಾರ ಹೂವಿನ ಹಿಪ್ಪರಗಿಯ ಮದುವೆ ಮನೆಯ ಹಂದರದಲ್ಲಿ ನಿಂತು, ಹೊಸ ಡಿಜಿಟಲ್ ಕ್ಯಾಮೆರಾದ ಪರದೆಗೆ ಅಂಗೈ ಮರೆ ಹಿಡಿದು ನೋಡುತ್ತಿದ್ದ. ಎದುರಿಗೆ ಮದುಮಗಳು ಸೌಂದರ್ಯಾ ಮೈತುಂಬ ಅರಿಷಿಣ ಹಚ್ಚಿಸಿಕೊಂಡು ಕುಳಿತಿದ್ದಳು. ಪರದೆಯಲ್ಲಿ ಮಾತ್ರ ಬೂದಿ ಬಳಿದುಕೊಂಡಂತಿದ್ದಳು.

ಅವಳ ತಂದೆ ಬಸಂತರಾಯ ಹೆಗಲ ಮೇಲಿಂದ ಇಣುಕಿ ಹೌಹಾರಿದ.

"ಅರಿಷಿಣ ಎಲ್ಲಿ ಹೋತೋ ತಮ್ಮಾ? ನಿನ್ನ ಡಬ್ಬಿ ತಿಂತೇನು?"

"ಸ್ವಲ್ಪ ತಡೀರಿ, ಸರಿ ಮಾಡ್ತೇನಿ."

"ಸುರಗಿ ನೀರು ಹಾಕೂದರೊಳಗ ಮಾಡು. ಇಲ್ಲಾಂದ್ರ ನಾಳಿ ಮದುವಿಗೆ ಸಿಂದಗಿಯಿಂದ ರೀಲಿನವನ್ನ ಕರಸ್ತೇನಿ."

ಮದುಮಗಳಿಗೆ ನೀರೆರೆಯುವ ಸುರಗಿಯ ಶಾಸ್ತ್ರವಾದರೆ ಅರಿಷಿಣ ತೊಳೆದುಹೋಗುತ್ತದೆ. ಅದರೊಂದಿಗೆ ಅನೀಲಕುಮಾರನ ಮೊದಲ ಡಿಜಿಟಲ್ ಮದುವೆಯೂ. ರೀಲಿನ ಕಾಲದಲ್ಲಿ ಬಣ್ಣ ತಿದ್ದುವುದು ವಿಜಾಪುರದ ಲ್ಯಾಬಿನವರ ಕೆಲಸವಾಗಿತ್ತು. ಈಗ ಅದು ಅವನ ತಲೆಗೇ ಬಂದಿತ್ತು. ಚಿತ್ರದ ತುಂಬ ಹಳದಿಯೇ ಕಂಡರೆ ಈ ಕ್ಯಾಮೆರಾ ಅದನ್ನು ಬೆಳಕಿನ ದೋಷವೆಂದು ತಿಳಿದು ಕಳೆದುಬಿಡುತ್ತದೆ. ಅದರ ಗುಂಡಿಯನ್ನು ಬಿಸಿಲಿನ ಲೆಕ್ಕಕ್ಕೆ ತಿರುಗಿಸಿದರೆ ಹಂದರಕ್ಕೆ ಹೊದಿಸಿದ ಹಸಿರು ಎಲೆ-ತಪ್ಪಲಿನಿಂದ ಸೋಸಿದ ಬೆಳಕಿಗೆ ಮುಖಗಳು ಹಸಿರಾಗುತ್ತಿದ್ದವು. ದಾರಿ ಒಂದೇ: ಅದೇ ಬೆಳಕಿನಲ್ಲಿ ಒಂದು ಬಿಳಿ ವಸ್ತು ತೋರಿಸಿ, ಇದು ಬಿಳಿ ಎಂದು ಅದಕ್ಕೆ ಕಲಿಸಬೇಕು.

"ಒಂದು ಬಿಳೀದು ಏನರ ಕೊಡ್ರಿ!"

ಅವನ ಅಂಗಿ ಬರುವಾಗ ಬಾಗಿಲಲ್ಲೇ ಹೆಂಗಸರ ಕೈಗೆ ಸಿಕ್ಕು ಹಳದಿಯಾಗಿತ್ತು. ಒಬ್ಬಾಕೆ ಟಾವೆಲ್ ತಂದಳು. ಅದರ ಮೇಲೆ ಐದೂ ಬೆರಳು ಮೂಡಿದ್ದವು. ಕ್ಯಾಲೆಂಡರಿನ ಬೆನ್ನಿಗೆ ಹೆಬ್ಬೆಟ್ಟು. ಮೊಸರು ತಂದವಳು ನಗುತ್ತ ನಗುತ್ತ ಅದರಲ್ಲೇ ಕೈ ಅದ್ದಿದಳು. ಬಸಂತರಾಯ ಹೊಸ ಧೋತರ ಕಂಕುಳಲ್ಲಿಟ್ಟು ಓಡಿ ಬರುವಾಗ ನಾದಿನಿಯರು ಮೂರು ದಿಕ್ಕಿನಿಂದ ಮುತ್ತಿದರು. ಧೋತರವೂ ಹೋಯಿತು, ಅವನೂ ಹೋದ.

"ಏ ಫೋಟೋದಾಂವಾ, ಅಲ್ಲೇನ್ ಕುಣ್ಯಾಕತ್ತೀ?"

ದೂರದ ಕಟ್ಟೆಯ ಮೇಲಿಂದ ಕೂಗಿದವಳು ಬಸಂತರಾಯನ ತಾಯಿ ಬಾಳಮ್ಮ. ಗಂಡ ತೀರಿದವಳೆಂದು ಅವಳ ಹತ್ತಿರ ಯಾರೂ ಅರಿಷಿಣ ಒಯ್ದಿರಲಿಲ್ಲ. ಉಟ್ಟ ಬಿಳಿ ಸೀರೆಗೆ ಒಂದು ಕಲೆಯೂ ಇರಲಿಲ್ಲ.

"ಆಯೀ, ಇಲ್ಲೇ ಬರ್ರಿ, ಮದುಮಗಳ ಮಗ್ಗಲಕ! ಅಲ್ಲಿ ಬೆಳಕು ಬ್ಯಾರೆ ಐತಿ."

ಅರಿಷಿಣ ಹಚ್ಚುತ್ತಿದ್ದವರೆಲ್ಲ ತಿರುಗಿ ನೋಡಿದರು.

"ನಾ ಒಲ್ಲೆಪಾ. ಶುಭದಾಗ ನನ್ನ ನೆರಳ್ಯಾಕ?"

"ನೆರಳು ಬ್ಯಾಡ್ರಿ, ನನಗ ನಿಮ್ಮ ಸೆರಗು ಬೇಕು!"

ಮೊದಲು ನಕ್ಕವಳು ಸೌಂದರ್ಯಾ. ಎದ್ದು ಅಜ್ಜಿಯತ್ತ ಓಡಿದಳು.

"ಮುಟ್ಟಬ್ಯಾಡಾ!" ಎಂದು ಅನೀಲಕುಮಾರ ಕಿರುಚಿದ. "ಸೆರಗಿಗೆ ಹತ್ತತೈತಿ!"

ಮೊಮ್ಮಗಳು ಎರಡೂ ಕೈ ಮೇಲೆತ್ತಿ ಮುಂದೆ ನಡೆದಳು, ಬಾಳಮ್ಮ ಗೊಣಗುತ್ತ ಹಿಂದೆ. ಹಂದರದ ನಡುವೆ ಅಜ್ಜಿ ಸೆರಗು ಹರಡಿ ನಿಂತಳು. ಅನೀಲಕುಮಾರ ಚೌಕಟ್ಟಿನ ತುಂಬ ಅದನ್ನೇ ಹಿಡಿದು ಬಿಳಿಯ ಅಳತೆ ತೆಗೆದ. ಮದುಮಗಳ ಕಡೆ ತಿರುಗಿ ಒಂದು ಫೋಟೊ ಹೊಡೆದ. ಅರಿಷಿಣ ಅರಿಷಿಣವಾಗಿತ್ತು, ತಪ್ಪಲು ತಪ್ಪಲಾಗಿತ್ತು, ಮುಖ ಮುಖವಾಗಿತ್ತು.

"ಬಂತು!" ಎಂದು ಬಸಂತರಾಯ ಹಾರಿದ.

"ಇನ್ನ ಮುಟ್ಟವಾ," ಎಂದ ಅನೀಲಕುಮಾರ.

ಸೌಂದರ್ಯಾ ಅಜ್ಜಿಯ ಎರಡೂ ಗಲ್ಲಕ್ಕೆ ಅಂಗೈ ಒತ್ತಿದಳು.

"ಹುಚ್ಚಿ! ಮಂದಿ ಏನಂದಾರು?" ಬಾಳಮ್ಮ ಬೈದಳು. ಬೈಯುತ್ತಲೇ ಅರಿಷಿಣದ ಬಟ್ಟಲಿಗೆ ಕೈ ಹಾಕಿ ಫೋಟೊಗ್ರಾಫರನನ್ನು ಅಟ್ಟಿಸಿಕೊಂಡು ಹೊರಟಳು. ಅವನು ಹಿಂದಕ್ಕೆ ಓಡುತ್ತಲೇ ಗುಂಡಿ ಒತ್ತುತ್ತಿದ್ದ. ಅಷ್ಟರಲ್ಲಿ ಸುರಗಿಯ ನೀರು ಆರಿ, ಎರಡು ಸಲ ಕಾಯಿಸಬೇಕಾಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಸಂತರಾಯ ಕೇಳಿದ, "ಅರಿಷಿಣ ಸರಿ ಬಂದ ಮ್ಯಾಲ ನನ್ನ ಮಗಳವು ಎಷ್ಟು ತಗದಿ?"

"ಹನ್ನೆರಡ್ರಿ."

"ನಮ್ಮವ್ವನವು?"

ಅನೀಲಕುಮಾರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಲವತ್ತೇಳ್ರಿ."