ಗುರುಬಸಮ್ಮ ಹೇಳದ ನಾಲ್ಕಕ್ಷರ

ಕೊಟ್ಟೂರಿನಲ್ಲಿ ಖಾನಾವಳಿ ನಡೆಸುತ್ತಿದ್ದ ಗುರುಬಸಮ್ಮನಿಗೆ ಎರಡು ಚಟ. ಒಂದು, ಊಟಕ್ಕೆ ಕೂತವರು ಬೇಡ ಬೇಡ ಎಂದರೂ ಇನ್ನೊಂದು ರೊಟ್ಟಿ ಹಾಕುವುದು. ಇನ್ನೊಂದು, ಪಕ್ಕದ ಅರುಣಕುಮಾರನ ಇಂಟರ್ನೆಟ್ ಅಂಗಡಿಯಲ್ಲಿ ಹತ್ತಿಕೊಂಡಿದ್ದು. ಎರಡು ಸಾವಿರದ ಎಂಟನೇ ಇಸವಿಯ ಮಾತಿದು. ಅವನಿಗೆ ಊಟ ಕೊಡಲು ಹೋದವಳು ಕಂಪ್ಯೂಟರಿನಲ್ಲಿ ಕನ್ನಡದ ಪದದಾಟ ಕಂಡಳು. ತಟ್ಟೆ ಕೆಳಗಿಡುವ ಮೊದಲೇ ಉತ್ತರ ಹೇಳಿಬಿಟ್ಟಳು. ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ಮೂರಕ್ಕೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಅಲ್ಲಿ ಹಾಜರು.

ಆಟ ಸುಲಭ. ಒಂದು ಸುಳಿವು, ಅದರ ಕೆಳಗೆ ನಾಲ್ಕು ಖಾಲಿ ಮನೆ. ನಾಲ್ಕಕ್ಷರದ ಪದ ಹೇಳಬೇಕು. ಸರಿಯಾದ ಜಾಗಕ್ಕೆ ಬಿದ್ದ ಅಕ್ಷರ ಹಸಿರಾಗಿ ನಿಲ್ಲುತ್ತದೆ, ಉಳಿದವು ಅಳಿಸಿಹೋಗುತ್ತವೆ. ಐದು ಸಲ ಪ್ರಯತ್ನ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಬೇಕಿತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಗುರುಬಸಮ್ಮ ಬಾಯಲ್ಲಿ ಹೇಳುತ್ತಿದ್ದಳು, ಅರುಣಕುಮಾರ ಒತ್ತುತ್ತಿದ್ದ. ಆರು ತಿಂಗಳಲ್ಲಿ ಗೆದ್ದವರ ಪಟ್ಟಿಯ ಮೊದಲ ಸಾಲಿನಲ್ಲಿ ‘ಗುರುಬಸಮ್ಮ, ಕೊಟ್ಟೂರು’ ಎಂದು ಬಂತು. ಜೀವಮಾನದಲ್ಲಿ ಮೊದಲ ಸಲ ಅಚ್ಚಕ್ಷರದಲ್ಲಿ ತನ್ನ ಹೆಸರು ಕಂಡು ಆಕೆ ಅವತ್ತು ಬಂದವರಿಗೆಲ್ಲ ಹೋಳಿಗೆ ಬಡಿಸಿದಳು.

ಇನ್ನು ಆಕೆಯ ಗಂಡನ ಸುದ್ದಿ. ಖಾನಾವಳಿಯ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವ ಸಾಧು ಮನುಷ್ಯ, ಹೆಸರು ನೀಲಕಂಠಪ್ಪ. ಈ ಹೆಸರನ್ನು ನಾನು ಹೇಳುತ್ತಿದ್ದೇನೆ, ಆಕೆ ಹೇಳುವವಳಲ್ಲ. ಗಂಡನ ಹೆಸರು ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿಕೊಟ್ಟಿದ್ದಳು. ರೇಷನ್ ಕಾರ್ಡಿನವರು ಕೇಳಿದಾಗ ಪಕ್ಕದ ಮನೆಯವಳಿಂದ ಹೇಳಿಸಿದ್ದಳು. ನೀಲಿ ಸೀರೆಯನ್ನು ಕೂಡ ‘ಮುಗಿಲ ಬಣ್ಣದ್ದು’ ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಆ ಹೆಸರು ಆಕೆಯ ಬಾಯಿಂದ ಬಂದದ್ದು ಒಂದೇ ಸಲ, ಲಗ್ನದ ದಿನ.

ಪಟ್ಟಿಯ ಎರಡನೇ ಸಾಲಿನಲ್ಲಿದ್ದವರು ಹರಪನಹಳ್ಳಿಯ ಗುರುಸಂಗಪ್ಪ ಮೇಷ್ಟ್ರು. ಮೂವತ್ತೈದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಕೊಟ್ಟೂರಿನವರನ್ನು ವಿಚಾರಿಸಿ, ಗೆದ್ದಾಕೆ ಇಂಟರ್ನೆಟ್ ಅಂಗಡಿಗೆ ಬಂದು ಆಡುವ ಖಾನಾವಳಿಯಾಕೆ ಎಂದು ತಿಳಿದುಕೊಂಡರು. ರೊಟ್ಟಿ ಬಡಿಯುವ ಹೆಂಗಸು ತಮಗಿಂತ ಮೇಲೆ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ‘ಆಡುವುದು ಅಂಗಡಿಯವನು, ಹೆಸರು ಮಾತ್ರ ಆಯಮ್ಮನದು’ ಎಂದು ಆಟದ ಪುಟದಲ್ಲೇ ಎಲ್ಲರೂ ಓದುವ ಹಾಗೆ ಬರೆದೇ ಬಿಟ್ಟರು. ಆಟ ನಡೆಸುವವರು ಪುರಾವೆ ಕೇಳಿದರು. ಇಲ್ಲದಿದ್ದರೆ ಹೆಸರು ತೆಗೆಯುತ್ತೇವೆ ಎಂದರು.

ಅರುಣಕುಮಾರ ಓದಿ ಹೇಳಿದಾಗ ಗುರುಬಸಮ್ಮನ ಮುಖ ಕೆಂಡವಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

“ಆ ಮೇಷ್ಟ್ರನ್ನ ಇಲ್ಲಿಗೇ ಕರಸು. ಅವ್ರ ಕಣ್ಣ ಮುಂದ ಆಡ್ತೀನಿ” ಎಂದಳು.

ಮೇಷ್ಟ್ರು ಭಾನುವಾರ ಬಸ್ಸು ಹತ್ತಿ ಬಂದೇ ಬಂದರು. ಕೂರುವ ಮೊದಲೇ ಕಟ್ಟಳೆ ಹಾಕಿದರು. “ಮೂರು ಪದ. ಅಮ್ಮಾರು ಬಾಯಲ್ಲಿ ಹೇಳಿದ್ದನ್ನಷ್ಟೇ ನೀನು ಒತ್ತಬೇಕು ಅರುಣಕುಮಾರ. ಸನ್ನೆ ಇಲ್ಲ, ಚೀಟಿ ಇಲ್ಲ. ಒಂದು ಪದ ತಪ್ಪಿದ್ರೂ ಹೆಸರು ಹೋತು, ಒಪ್ಪಿಗಿನಾ?”

“ಒಪ್ಪಿಗಿ ಐತ್ರಿ” ಎಂದಳು ಗುರುಬಸಮ್ಮ. ಹಿಂದಿನ ಬೆಂಚಿನಲ್ಲಿ ನೀಲಕಂಠಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂತಿದ್ದ.

ಮೊದಲ ಸುಳಿವು, ‘ತಲೆಗೆ ತಂಪು, ಕಣ್ಣಿಗೆ ಉರಿ’. ಒಂದೇ ಏಟಿಗೆ “ಸೀಗೆಕಾಯಿ”. ಎರಡನೆಯದು, ‘ಊರಿಲ್ಲ, ಊರೆಲ್ಲ ತನ್ನದೇ’. ಎರಡನೇ ಸಲಕ್ಕೆ “ಅಲೆಮಾರಿ”. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಮೂರನೆಯದು ಬಂತು. ‘ನಂಜು ನುಂಗಿದ ಶಿವ’.

ಸುಳಿವು ಓದಿದ ಗುರುಬಸಮ್ಮ ಗಪ್ಪನೆ ಬಾಯಿ ಮುಚ್ಚಿದಳು. ಉತ್ತರ ಅರುಣಕುಮಾರನಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತು, ಬೆಂಚಿನ ಮೇಲಿದ್ದ ಗಂಡನಿಗಂತೂ ಗೊತ್ತೇ ಗೊತ್ತು. ಆಕೆಗೆ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶಿವನಿಗೇನು ಹೆಸರಿಗೆ ಬರವೇ ಎಂದುಕೊಂಡು “ವಿಷಕಂಠ” ಎಂದಳು. ಕೊನೆಯ ಎರಡು ಅಕ್ಷರ ಹಸಿರಾದವು, ಮೊದಲಿನ ಎರಡು ಅಳಿಸಿಹೋದವು. “ಕಾಳಕಂಠ” ಎಂದಳು, ಇಲ್ಲ. ಪುರಾಣದಲ್ಲಿ ಕೇಳಿದ್ದ “ಶಿತಿಕಂಠ” ಎಂದಳು, ಅದೂ ಇಲ್ಲ. “ನಂಜುಕಂಠ” ಎಂದು ತಾನೇ ಒಂದು ಹೆಸರು ಕಟ್ಟಿ ಶಿವನಿಗೆ ನಾಮಕರಣ ಮಾಡಿದಳು. ಕಂಪ್ಯೂಟರು ಒಪ್ಪಲಿಲ್ಲ.

“ಇನ್ನೊಂದೇ ಸಲ ಉಳದೈತಿ ಯಮ್ಮ” ಎಂದ ಅರುಣಕುಮಾರ.

“ಒಂದನೇ ಕ್ಲಾಸಿನ ಹುಡುಗರೂ ಹೇಳ್ತಾರೆ ಇದನ್ನ. ನಾನು ಬರೆದಿದ್ದು ಸುಳ್ಳಲ್ಲ ಬಿಡು” ಎಂದು ಮೇಷ್ಟ್ರು ಚೀಲ ಎತ್ತಿಕೊಂಡರು.

ಗುರುಬಸಮ್ಮ ತಿರುಗಿ ಗಂಡನನ್ನು ನೋಡಿದಳು. ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ, ತನ್ನ ಹೆಸರೇ ಹೆಂಡತಿಯ ಹೆಸರು ಕಳೆಯುತ್ತದಲ್ಲ ಎಂಬ ಸಂಕಟ. ಆ ಮುಖ ನೋಡುತ್ತಲೇ ಆಕೆಗೆ ಲಗ್ನದ ದಿನ ನೆನಪಾಯಿತು. ಅವತ್ತೂ ಹೀಗೇ ನಾಲ್ಕು ಜನ ಅಡ್ಡ ನಿಂತು, ಗಂಡನ ಹೆಸರು ಹೇಳದಿದ್ದರೆ ಹೊಸ್ತಿಲು ದಾಟಿಸುವುದಿಲ್ಲ ಎಂದಿದ್ದರು. ಅವತ್ತು ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಹೆಸರು ಸೇರಿಸಿ ಹೇಳಿದ್ದಳು. ಒಡಪಿನೊಳಗೆ ಬಂದ ಹೆಸರಿಗೆ ದೋಷವಿಲ್ಲ, ಅದನ್ನೂ ಅವ್ವನೇ ಹೇಳಿಕೊಟ್ಟಿದ್ದಳು.

ಎದ್ದು ನಿಂತಳು. ತಲೆಯ ಮೇಲೆ ಸೆರಗು ಹೊದ್ದಳು.

“ಹೆಂಚಿನ ಮ್ಯಾಲ ರೊಟ್ಟಿ, ಸೆರಗಿನ ತುದಿಗಿ ಗಂಟ,
ಮೂವತ್ತು ವರ್ಸಾದ್ರೂ ಸಡ್ಲಿಲ್ಲ ಈ ನಂಟ,
ಹೆಸರ ಕೇಳ್ತೀರಿ, ಕೇಳ್ರಿ ಮೇಷ್ಟ್ರ, ನನ್ನ ರಾಯ ನೀಲಕಂಠ.”

ಅರುಣಕುಮಾರ ಕೊನೆಯ ಪದ ಒತ್ತಿದ. ನಾಲ್ಕೂ ಮನೆ ಹಸಿರಾದವು.

ಮೇಷ್ಟ್ರು ಚೀಲ ಕೆಳಗಿಟ್ಟರು. ನಕ್ಕರು. “ಗೊತ್ತಿಲ್ಲದೆ ತಪ್ಪು ಹೇಳ್ತಾ ಇದ್ದಾರೆ ಅಂದ್ಕೊಂಡೆ. ಗೊತ್ತಿದ್ದೇ ತಪ್ಪಿಸ್ತಾ ಇದ್ದರು. ನಮ್ಮ ಮನೆಯಾಕೆನೂ ನನ್ನ ಹೆಸರು ಹೇಳಿ ನಲವತ್ತು ವರ್ಷ ಆತು, ನನಗೇ ಹೊಳೀಲಿಲ್ಲ ನೋಡು” ಎಂದರು. ಅರುಣಕುಮಾರನನ್ನು ಎಬ್ಬಿಸಿ, ಅವನ ಕುರ್ಚಿಯಲ್ಲಿ ಕೂತು, ಎಲ್ಲರೂ ಓದುವ ಜಾಗದಲ್ಲಿ ತಾವೇ ಬರೆದರು: ‘ಆಡಿದ್ದು ಗುರುಬಸಮ್ಮನವರೇ. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ತಪ್ಪು ನನ್ನದು.’

ಗುರುಬಸಮ್ಮನ ಕಣ್ಣು ತುಂಬಿ ಬಂತು. ಮೊದಲ ಸಾಲಿನಲ್ಲಿ ಆಕೆಯ ಹೆಸರು ಇದ್ದಲ್ಲೇ ಇತ್ತು. ಮೇಷ್ಟ್ರನ್ನು ಹಾಗೇ ಕಳಿಸದೆ ಖಾನಾವಳಿಗೆ ಕರೆದೊಯ್ದು, ಬೇಡ ಬೇಡ ಎಂದರೂ ಐದು ರೊಟ್ಟಿ ಹಾಕಿದಳು.

ಮೇಷ್ಟ್ರು ಬಸ್ಸು ಹತ್ತಿದ ಮೇಲೆ ನೀಲಕಂಠಪ್ಪ ಗಲ್ಲೆ ಬಿಟ್ಟು ಒಲೆಯ ಹತ್ತಿರ ಬಂದ.

“ಏನಂದಿ ಆಗ? ಹಿಂದ ಕುಂತಿದ್ನಲ್ಲ, ಸರಿಯಾಗಿ ಕೇಳ್ಸಲಿಲ್ಲ. ಇನ್ನೊಂದ್ಸಲ ಹೇಳು.”

“ಕೇಳಿಸಿದ್ದು ಮುಖದ ಮ್ಯಾಗ ಕಾಣ್ತೈತಿ. ಇನ್ನ ಮೂವತ್ತು ವರ್ಸ ಬಿಟ್ಟು ಬರ್ರಿ, ಹೇಳ್ತೀನಿ” ಎಂದು ಗುರುಬಸಮ್ಮ ಹಿಟ್ಟು ನಾದತೊಡಗಿದಳು.