ವನಜತ್ತಿಗೆ ಆರಿಸಿದ ಹದಿನೈದು ದಿನ

ಆ ಲೆಕ್ಕ ನನ್ನದಲ್ಲ. ಬೆಂಗಳೂರಿನ ಹತ್ತಿರದ ನೀರಾಟದ ಪಾರ್ಕಿಗೆ ವರ್ಷದ ಯಾವ ದಿನಗಳಲ್ಲಿ ಹೋದರೆ ಒಳ್ಳೆಯದೆಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನ ವರ್ಷಗಟ್ಟಲೆ ನನ್ನನ್ನು ಕೇಳಿದರು. ನಾನು ಹೇಳಿದೆ, ಅವರು ನಂಬಿ ಹೋಗಿಬಂದು ನನ್ನನ್ನು ಹೊಗಳಿದರು. ಆ ತಿಳಿವಳಿಕೆಯೆಲ್ಲ ನನ್ನ ಅತ್ತಿಗೆಯದು — ಅಣ್ಣನ ಹೆಂಡತಿ ವನಜಾ ಅವರದು. ಅದನ್ನು ಮುಚ್ಚಿಟ್ಟೆ. ಅದಕ್ಕಿಂತ ದೊಡ್ಡದೊಂದು ತಪ್ಪನ್ನೂ ಮಾಡಿದೆ, ಅದಕ್ಕೆ ಬರುತ್ತೇನೆ. ಅವರ ಬಗ್ಗೆ ಹೇಳಹೊರಟರೆ ಈಗಲೂ ನನ್ನ ಎದೆ ಉಬ್ಬುತ್ತದೆ — ಹಾಗೆ ಉಬ್ಬುವ ಹಕ್ಕು ನನಗಿದೆಯೋ ಇಲ್ಲವೋ...

ಕೊಪ್ಪಕ್ಕೆ ಮೊಬೈಲು ಆಗಷ್ಟೇ ಬಂದಿತ್ತು. ನನ್ನ ಹತ್ತಿರ ಒಂದು ಮಿನಿ ಬಸ್ಸು, ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಮೇಜು, ಎರಡು ಕುರ್ಚಿಯ ಆಫೀಸು. ಅಲ್ಲಿಯವರೆಗೆ ದೇವಸ್ಥಾನಗಳಿಗೆ ಮಾತ್ರ ಜನರನ್ನು ಕರೆದೊಯ್ಯುತ್ತಿದ್ದೆ. ಟಿವಿಯಲ್ಲಿ ಜಾಹೀರಾತು ನೋಡಿದ ಮಕ್ಕಳು ಪಾರ್ಕಿಗೆ ಹಟ ಹಿಡಿದಾಗ, ಮೇ ತಿಂಗಳ ರಜೆಯಲ್ಲಿ ಕಮ್ಮರಡಿಯ ಇಪ್ಪತ್ತು ಜನರನ್ನು ಹೊರಡಿಸಿದೆ. ಅಣ್ಣನಿಗೆ ರಜೆ ಸಿಗಲಿಲ್ಲ. "ನೀನಾದ್ರೂ ನೋಡ್ಕೊಂಡು ಬಾ" ಎಂದು ಅತ್ತಿಗೆಯನ್ನು ಕಳಿಸಿದ. ಮನೆಯಲ್ಲೇ ಊರವರ ಬ್ಲೌಸ್ ಹೊಲಿಯುತ್ತಿದ್ದ ಅವರು ಶಿವಮೊಗ್ಗ ದಾಟಿ ಹೋದದ್ದು ಅದೇ ಮೊದಲು.

ರಾಜ್ಯದ ಮಕ್ಕಳೆಲ್ಲ ಅಲ್ಲಿಗೇ ಬಂದಂತಿತ್ತು. ಒಂದು ಜಾರುಬಂಡೆಗೆ ಒಂದೂವರೆ ಗಂಟೆ ಸಾಲು. ಬಿಸಿಲಿಗೆ ಒಂದು ಮಗು ತಲೆತಿರುಗಿ ಬಿತ್ತು. ವಾಪಸು ಬರುವಾಗ ಹಿರಿಯರೊಬ್ಬರು, "ಇದಕ್ಕಿಂತ ತುಂಗಾ ಹೊಳೇಲಿ ಮುಳುಗಿಸಿ ಎಬ್ಬಿಸಿದ್ರೆ ಆಗ್ತಿತ್ತಲ ಮಾರಾಯ" ಎಂದರು.

ಅತ್ತಿಗೆ ನೀರಿಗೆ ಇಳಿದಿರಲಿಲ್ಲ. ಇಡೀ ದಿನ ಗೇಟಿನ ಬಳಿ ನೆರಳಲ್ಲಿ ಕೂತು, ಟಿಕೆಟ್ ಹರಿಯುವ ಹುಡುಗಿಯರ ಜೊತೆ, ಕಸ ಗುಡಿಸುವ ಹೆಂಗಸಿನ ಜೊತೆ ಮಾತಾಡುತ್ತಿದ್ದರು. ಮಾರನೆಯ ದಿನ ಕಾಫಿ ಕೊಡುತ್ತ ಶುರುಮಾಡಿದರು.

"ರಮೇಶ, ಮೇ ತಿಂಗಳು ಬೇಡ. ಡಿಸೆಂಬರೂ ಬೇಡ, ಶಾಲೆ ಬಸ್ಸುಗಳು ಸಾಲಾಗಿ ನಿಂತಿರ್ತವಂತೆ. ಶನಿವಾರ, ಭಾನುವಾರ ಬೆಂಗಳೂರಿನೋರೇ ತುಂಬ್ತಾರೆ. ನಮ್ಮ ಕಡೆಯೋರಿಗೆ ನಾಟಿ ಮುಗ್ದು ಅಡಿಕೆ ಕೊಯ್ಲು ಶುರುವಾಗೋಕೆ ಮುಂಚೆ ಬಿಡುವು. ಚೌತಿ ಮುಗ್ದಿರತ್ತೆ, ನವರಾತ್ರಿ ಬಂದಿರಲ್ಲ. ನಡುವೆ ಎಂತ ಇದೆ ಹೇಳು."

"ಪಿತೃಪಕ್ಷ."

"ಹೌದು. ಆ ಹದಿನೈದು ದಿನ ಖುಷಿಗೆ ಅಂತ ಯಾರೂ ಮನೆ ಬಿಡಲ್ಲ. ನಾವು ಆಗ ನೊಣ ಹೊಡೀತಾ ಕೂತಿರ್ತೀವಿ ಅಂತ ಗೇಟಿನ ಹುಡುಗೀನೇ ಹೇಳಿದ್ಲು. ಮಂಗಳವಾರ ಇಲ್ಲ ಬುಧವಾರ ಹೋಗ್ಬೇಕು. ಬಾಗಿಲ ಹತ್ರದ ಆಟಕ್ಕೆ ಮೊದಲು ನಿಲ್ಲಬಾರ್ದು, ಹಿಂದಿನ ತುದಿಯಿಂದ ಶುರುಮಾಡ್ಬೇಕು."

"ಪಕ್ಷದಲ್ಲಿ ಆಡೋಕೆ ಹೋಗಿ ಅಂದ್ರೆ ಜನ ನಂಗೆ ಹೊಡೀತಾರೆ ಅತ್ತಿಗೆ."

"ಅವರವರ ಮನೆ ತಿಥಿ ಬಿಟ್ಟು ಹೋಗ್ಲಿ. ಪಕ್ಷದಲ್ಲಿ ಮದುವೆ ಮಾಡಬಾರ್ದು ಅಂತ ಇದೆ. ನೀರಲ್ಲಿ ಜಾರಬಾರ್ದು ಅಂತ ಎಲ್ಲಿದೆ?"

ನಾನು ನಕ್ಕೆ. ಆದರೆ ಸೆಪ್ಟೆಂಬರಿನಲ್ಲಿ ಮೇಗುಂದದ ಹೆಂಗಸರ ಗುಂಪೊಂದು ಕೇಳಿಕೊಂಡು ಬಂದಾಗ, ಅದೇ ಮಾತುಗಳನ್ನು ನನ್ನ ಬಾಯಿಂದ ಹೇಳಿದೆ. ತಿಥಿಯ ಮಾತನ್ನೂ ಬಿಡಲಿಲ್ಲ.

ಆ ಮಂಗಳವಾರ ನಾನು ಸಾಯುವವರೆಗೆ ಮರೆಯುವಂಥದ್ದಲ್ಲ. ತೆಳು ಮೋಡ, ಬಿಸಿಲಿಲ್ಲ, ಮಳೆಯೂ ಇಲ್ಲ. ಖಾಲಿ ಮೆಟ್ಟಿಲು, ಖಾಲಿ ಕೊಳ. ಮೊಣಕಾಲುದ್ದ ಕೆಸರಲ್ಲಿ ನಾಟಿ ಮಾಡಿ ಬಂದ ಹೆಂಗಸರು ಚಿಕ್ಕ ಮಕ್ಕಳ ಹಾಗೆ ಓಡಿ ಓಡಿ ಜಾರಿದರು. ಅರವತ್ತು ದಾಟಿದ ಪುಟ್ಟಮ್ಮ ಮೂರನೇ ಸಲ ಮೇಲೆ ಹತ್ತುವಾಗ ನನ್ನ ಕಡೆ ತಿರುಗಿ, "ಜನ್ಮದಲ್ಲಿ ಇಷ್ಟು ನಕ್ಕಿರ್ಲಿಲ್ಲ ಕಣೋ" ಎಂದರು. ಈ ದಿನವನ್ನು ಆರಿಸಿದವರು ಯಾರೆಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.

ನನ್ನ ಹೆಸರು ಬೆಳೆಯಿತು. ಪ್ರತಿ ವರ್ಷವೂ ಅತ್ತಿಗೆ ಪಂಚಾಂಗ, ಶಾಲೆಯ ರಜೆ, ಕೊಯ್ಲಿನ ಸುದ್ದಿ ಎಲ್ಲ ನೋಡಿ ದಿನ ಹೇಳುತ್ತಿದ್ದರು. ನಾನು ಅದನ್ನು ಆಫೀಸಿನಲ್ಲಿ ಕೂತು, ಸ್ವಲ್ಪ ಯೋಚಿಸಿದಂತೆ ಮಾಡಿ ಜನರಿಗೆ ಹೇಳುತ್ತಿದ್ದೆ. ಆ ಯೋಚಿಸಿದಂತೆ ಮಾಡುವುದಿದೆಯಲ್ಲ — ಅದನ್ನು ನೆನೆದರೆ ಈಗ ನನ್ನ ಮುಖ ನನಗೇ ಬೇಡವಾಗುತ್ತದೆ.

ನರಸಿಂಹರಾಜಪುರದ ಮಹಿಳಾ ಮಂಡಳಿಯ ಸರೋಜ ಟೀಚರ್ ಒಂದು ಮಧ್ಯಾಹ್ನ ಆಫೀಸಿಗೆ ಬಂದರು. "ನಮ್ಮ ಹೆಂಗಸರ ಜೊತೆ ಹೋಗಿ ಎಲ್ಲ ನೋಡಿಕೊಳ್ಳೋಕೆ ಒಬ್ಬ ಹೆಂಗಸು ಬೇಕು. ಪ್ರತಿ ವರ್ಷದ ಪ್ರವಾಸವನ್ನೂ ಅವರಿಗೇ ಒಪ್ಪಿಸ್ತೀವಿ. ನಿಮ್ಮ ಮನೇಲಿ ಯಾರೋ ಈ ದಿನಗಳನ್ನೆಲ್ಲ ಗೊತ್ತುಮಾಡ್ತಾರೆ ಅಂತ ಕೇಳಿದೆ, ಹೌದಾ?"

ಒಂದು ಕ್ಷಣವೂ ತಡೆಯಲಿಲ್ಲ ನಾನು.

"ನಮ್ಮನೇಲಿ ಅಂಥೋರು ಯಾರೂ ಇಲ್ಲ ಮೇಡಂ. ಎಲ್ಲ ನಾನೇ ನೋಡೋದು."

ಟೀಚರ್ ಹೊರಟುಹೋದರು. ಮನೆಗೆ ಹೋದಾಗ ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಊಟಕ್ಕೆ ಬಡಿಸಲು ಎದ್ದರು. ನಾನು ಉಂಡೆ.

ಎರಡು ವರ್ಷದ ಮೇಲೆ, ಶೃಂಗೇರಿಯ ಒಂದು ಮದುವೆಯಲ್ಲಿ ಅತ್ತಿಗೆ, ಟೀಚರ್ ಇಬ್ಬರೂ ಅಕ್ಕಪಕ್ಕ ಊಟಕ್ಕೆ ಕೂತರಂತೆ. ಪಾಯಸ ಬರುವಷ್ಟರಲ್ಲಿ ಟೀಚರಿಗೆ ಬೇಕಾದವರು ಸಿಕ್ಕಿದ್ದರು. ಅಲ್ಲಿಂದ ಮುಂದಿನದು ಊರಿಗೆಲ್ಲ ಗೊತ್ತು. ಎಸ್ಸೆಸ್ಸೆಲ್ಸಿ ಪೂರ್ತಿ ಮಾಡದ ನನ್ನ ಅತ್ತಿಗೆ ಮೂರು ತಾಲ್ಲೂಕಿನ ಹೆಂಗಸರನ್ನು ಕರೆದೊಯ್ದರು — ಪಾರ್ಕಿಗೆ, ಸಮುದ್ರಕ್ಕೆ, ಕೊನೆಗೆ ದೆಹಲಿಗೂ. ಒಮ್ಮೆ ಪಾರ್ಕಿನಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಸರಿಯಿರಲಿಲ್ಲ. ಮ್ಯಾನೇಜರನ್ನು ಕರೆಸಿ, ಚಿಲಕ ಹಾಕಿಸಿ, ತಾವೇ ಎಳೆದು ನೋಡಿ, ಆಮೇಲೆ ಹೆಂಗಸರನ್ನು ಒಳಗೆ ಬಿಟ್ಟರು. ಹೆಂಗಸರು ವಾಪಸು ಬಂದು ಹೇಳಿದ್ದನ್ನು ನಾನು ಬಸ್ಸಿನ ಹತ್ತಿರ ನಿಂತು ಕೇಳಿಸಿಕೊಂಡೆ. ಡ್ರೈವರನಿಗೆ, "ನಮ್ಮ ಅತ್ತಿಗೆ ಅವರು" ಎಂದೆ. ಎಷ್ಟು ಸುಲಭವಾಗಿ ಬಂತು ಆಗ ಆ ಮಾತು...

ಅವರಿಗೆ ನನ್ನ ಸುಳ್ಳು ಗೊತ್ತಿತ್ತೋ ಇಲ್ಲವೋ ತಿಳಿಯದೆ ವರ್ಷಗಳು ಕಳೆದವು. ಹೋದ ತಿಂಗಳು, ಅವರು ಇನ್ನೊಂದು ಪ್ರವಾಸಕ್ಕೆ ಸೀರೆ ಮಡಿಸಿಡುತ್ತಿದ್ದಾಗ ಹೇಳಿಬಿಟ್ಟೆ. ಟೀಚರ್ ಕೇಳಿದ್ದು, ನಾನು ಹೇಳಿದ್ದು — ಒಂದಕ್ಷರವನ್ನೂ ಮೃದು ಮಾಡದೆ.

ಅವರ ಕೈ ನಿಂತಿತು. ಅವರಿಗೆ ಗೊತ್ತಿರಲಿಲ್ಲ. ಟೀಚರ್ ದೊಡ್ಡ ಮನಸ್ಸಿನವರು, ಹೇಳಿರಲಿಲ್ಲ.

"ಮದುವೆ ಊಟಕ್ಕೆ ಎರಡು ವರ್ಷ ಮುಂಚೆಯಾ?" ಎಂದು ಕೇಳಿದರು.

"ಹೌದು ಅತ್ತಿಗೆ."

"ಆ ಎರಡು ವರ್ಷ ಇಲ್ಲೇ ಕೂತು ಬ್ಲೌಸ್ ಹೊಲೀತಿದ್ದೆ ಮಾರಾಯ."

ಅಷ್ಟೇ. ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಸೀರೆ ಮಡಿಸಿ ಮುಗಿಸಿ, ಚೀಲ ತಾವೇ ಎತ್ತಿಕೊಂಡು, ಹೊರಗೆ ಬಸ್ಸಿನಲ್ಲಿ ಕಾಯುತ್ತಿದ್ದ ಮೂವತ್ತು ಹೆಂಗಸರ ಕಡೆಗೆ ಹೋದರು. ಅವರನ್ನು ಕಂಡದ್ದೇ ಬಸ್ಸಿನೊಳಗೆ ಗದ್ದಲವೆದ್ದಿತು.

ಇವತ್ತಿಗೂ ಯಾರಾದರೂ ನನ್ನ ಮೇಜಿನ ಮುಂದೆ ಬಂದು, ಯಾವಾಗ ಹೋದರೆ ಒಳ್ಳೆಯದೆಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ಎದ್ದು, ಮನೆಯ ದಾರಿ ತೋರಿಸುತ್ತೇನೆ.